ಮಂಡಿ ಸವೆತಕ್ಕೆ ಅಯಸ್ಕಾಂತ ಚಿಕಿತ್ಸೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಅಮ್ಮನಿಗೆ 61 ವರ್ಷ. ಮನೆಯಲ್ಲಿ ರೇಷ್ಮೆ ಸಾಕಣೆಯಿದೆ. ಎರಡೂ ಮಂಡಿ ನೋವು. ಎಕ್ಸ್‌ರೇ ನೋಡಿ ಗ್ರೇಡ್ 3 (ನಾಲ್ಕು ಹಂತಗಳಲ್ಲಿ ಮೂರನೆಯದು) ಸವೆತ ಎಂದಿದ್ದಾರೆ. ಮ್ಯಾಗ್ನೆಟಿಕ್ ಥೆರಪಿ 20 ಸಿಟ್ಟಿಂಗ್ ತೆಗೆದುಕೊಂಡರೆ ಮೃದ್ವಸ್ಥಿ (ಕೀಲಿನ ಮೆತ್ತೆಯಂಥ ಕಾರ್ಟಿಲೇಜ್) ಮತ್ತೆ ಬೆಳೆಯುತ್ತದೆ ಎಂದು ಒಂದು ಕೇಂದ್ರದವರು ಹೇಳುತ್ತಾರೆ. ಅಯಸ್ಕಾಂತದ ಮಂಡಿಪಟ್ಟಿಯೂ ಮಾರಾಟಕ್ಕಿದೆ. ಯಾವುದು ಮಾಡಿಸಲಿ?
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮಂಡಿಪಟ್ಟಿಗೆ ದುಡ್ಡು ಹಾಕಬೇಡಿ. ಅದರಲ್ಲಿರುವುದು ಸ್ಥಿರ ಅಯಸ್ಕಾಂತದ ಬಿಲ್ಲೆಗಳು. ದೂರ ಹೋದಂತೆ ಅವುಗಳ ಬಲ ಬೇಗ ಕುಗ್ಗುತ್ತದೆ. ಬಟ್ಟೆ, ಚರ್ಮ, ಕೊಬ್ಬು ದಾಟಿ ಕೀಲಿಗೆ ತಲುಪುವುದು ತೀರಾ ಕಡಿಮೆ. ರಕ್ತದ ಕಬ್ಬಿಣವನ್ನು ಸೆಳೆದು ಸಂಚಾರ ಹೆಚ್ಚಿಸುತ್ತದೆ ಎಂಬ ಮಾತೂ ಸುಳ್ಳು. ಹಿಮೋಗ್ಲೋಬಿನ್‌ನ ಕಬ್ಬಿಣ ಮೊಳೆಯ ಕಬ್ಬಿಣದಂತೆ ಅಂಟುವುದಿಲ್ಲ. 1.5 ಟೆಸ್ಲಾ ಬಲದ ಎಂಆರ್‌ಐ ಯಂತ್ರದೊಳಗೆ ಮಲಗಿದವರ ರಕ್ತವೇ ಎಲ್ಲಿಗೂ ಎಳೆದುಕೊಂಡು ಹೋಗುವುದಿಲ್ಲ. ಪಟ್ಟಿ ಕಟ್ಟಿದಾಗ ಹಿತವೆನಿಸುವುದು ಬಿಗಿತ ಮತ್ತು ಬೆಚ್ಚಗಿನಿಂದ. ಸಾದಾ ನೀ ಕ್ಯಾಪ್ ಅಷ್ಟನ್ನೂ ಕೊಡುತ್ತದೆ.

ಕೇಂದ್ರದ ಯಂತ್ರ ಬೇರೆ ಬಗೆಯದು. ಮಂಡಿಯ ಸುತ್ತ ತಾಮ್ರದ ಸುರುಳಿಯಿರುವ ಬಳೆ ಇಟ್ಟು ವಿದ್ಯುತ್ತನ್ನು ಮಿಡಿತ ಮಿಡಿತವಾಗಿ ಹರಿಸುತ್ತಾರೆ. ಕಾಂತಕ್ಷೇತ್ರ ಏರಿಳಿದಾಗ ಅಂಗಾಂಶದಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಕೂಡಿಕೊಳ್ಳದ ಮೂಳೆ ಮುರಿತಕ್ಕೆ ಇದೇ ತತ್ವದ ಸಾಧನ ಬಳಸಲು ಅಮೆರಿಕದಲ್ಲಿ 1979ರಲ್ಲೇ ಅನುಮತಿ ಸಿಕ್ಕಿತ್ತು. ಸವೆತದ ಮಂಡಿಯ ಮಾತು ಅಷ್ಟು ಗಟ್ಟಿಯಿಲ್ಲ. 636 ಜನರಿದ್ದ 9 ಪ್ರಯೋಗಗಳನ್ನು 2013ರಲ್ಲಿ, ಚಿಕಿತ್ಸೆಗಳ ಪುರಾವೆ ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆ ಪರಾಮರ್ಶಿಸಿದಾಗ, 100 ಅಂಕದ ಅಳತೆಯಲ್ಲಿ ನೋವು ಹುಸಿ ಚಿಕಿತ್ಸೆಗಿಂತ (ಹೋಲಿಕೆಗೆಂದು ಕೊಡುವ ತೋರಿಕೆಯ ಚಿಕಿತ್ಸೆ) ಸುಮಾರು 15 ಅಂಕ ಹೆಚ್ಚು ಇಳಿದಿತ್ತು. ನಡೆದಾಡುವ, ಏಳುವ ಶಕ್ತಿಯಲ್ಲಿ ಖಚಿತ ಲಾಭ ಕಾಣಲಿಲ್ಲ. ಅಂದರೆ ನೋವು ಒಂದಿಷ್ಟು ತಗ್ಗಬಹುದು. ಗ್ರೇಡ್ 3ರಲ್ಲಿ ಸವೆದ ಮೃದ್ವಸ್ಥಿ ಮರಳಿ ಬೆಳೆಯುತ್ತದೆ ಎನ್ನುವವರನ್ನು ನಂಬಬೇಡಿ.

ಆದರೂ ಮಾಡಿಸುವುದಾದರೆ 20 ಸಿಟ್ಟಿಂಗ್‌ನ ಹಣ ಮುಂಗಡ ಕಟ್ಟಬೇಡಿ. ಶುರುವಿಗೆ ಮುನ್ನ ನೋವಿಗೆ 0ಯಿಂದ 10ರೊಳಗೆ ಅಂಕ ಕೊಡಿಸಿ. ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಬೇಕೆಂದೂ ಬರೆದಿಡಿ. ಹತ್ತು ಸಿಟ್ಟಿಂಗ್ ಆದ ಮೇಲೆ ಅಂಕ ಎರಡಾದರೂ ಇಳಿಯದಿದ್ದರೆ ನಿಲ್ಲಿಸಿ. ಮೊಬೈಲ್, ಎಟಿಎಂ ಕಾರ್ಡ್, ಕಿವಿಯ ಯಂತ್ರ ದೂರವಿರಲಿ. ಈ ಬಗೆಯ ಯಂತ್ರದಲ್ಲಿ ಮಂಡಿಗೆ ಬಿಸಿ ತಾಗುವುದಿಲ್ಲ. ಚೆನ್ನಾಗಿ ಬಿಸಿಯಾದರೆ ಅದು ಡಯಾಥರ್ಮಿ (ಅಂಗಾಂಶಕ್ಕೆ ಶಾಖ ಕೊಡುವ ಬೇರೆ ಚಿಕಿತ್ಸೆ) ಇರಬಹುದು, ಕೇಳಿ ತಿಳಿಯಿರಿ.

ಯಂತ್ರಕ್ಕಿಂತ ಮುಖ್ಯವಾದದ್ದು ತೊಡೆಯ ಮುಂಭಾಗದ ಸ್ನಾಯು. ಅದು ಸೋತರೆ ಭಾರವೆಲ್ಲ ಕೀಲಿನ ಮೇಲೆ. ಅಮ್ಮ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಸೆಕೆಂಡು ಹಿಡಿಯಲಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎರಡು ವಾರದ ನಂತರ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿಯೇ ಒಂದಡಿ ಎತ್ತಿ ಹಿಡಿಯುವುದು. ಅದು ಸಲೀಸಾದ ಮೇಲೆ ಅರ್ಧ ಕೆಜಿ ರಾಗಿ ತುಂಬಿದ ಚೀಲವನ್ನು ಕಣಕಾಲಿಗೆ ಕಟ್ಟಬಹುದು. ಮಾರನೆ ದಿನವೂ ನೋವು ಏರಿಯೇ ಇದ್ದರೆ ಸಂಖ್ಯೆ ಕಡಿಮೆ ಮಾಡಿ, ಬಿಡಬೇಡಿ. ಹೆಚ್ಚಿನವರು ಸೋಲುವುದು ಇಲ್ಲೇ: ಮೊದಲ ವಾರ ನೋವಾಯಿತೆಂದು ಬಿಟ್ಟುಬಿಡುತ್ತಾರೆ.

ಹಿಪ್ಪುನೇರಳೆ ಸೊಪ್ಪನ್ನು ಕುಕ್ಕರಗಾಲಲ್ಲಿ ಕೂತು ಹೆಚ್ಚುವ ಬದಲು ಸೊಂಟದೆತ್ತರದ ಮೇಜಿನ ಮೇಲೆ ಹೆಚ್ಚಲಿ. ಹುಳುವಿನ ಮನೆಯಲ್ಲಿ ಸ್ಟ್ಯಾಂಡ್ ಇದ್ದರೆ ನೆಲದ ಕೆಲಸವೇ ತಗ್ಗುತ್ತದೆ. ಶೌಚಕ್ಕೆ ಕಮೋಡ್ ಇರಲಿ. ಹೆಚ್ಚು ನೋಯುವ ಮಂಡಿಯ ವಿರುದ್ಧ ಬದಿಯ ಕೈಯಲ್ಲಿ ಕೋಲು. ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಮಂಡಿ ಊದಿ ಕೆಂಪಾಗಿ ಜ್ವರ ಬಂದರೆ ಯಾವ ಯಂತ್ರಕ್ಕೂ ಹೋಗದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಪ್ರಶ್ನೆ: ವಯಸ್ಸು 48. ಮಂಡಿಯ ಜೊತೆ ಬೆನ್ನು, ಕುತ್ತಿಗೆಯೂ ಬಿಗಿ. ಮೊದಲಿಂದ ಬೋರ್‌ವೆಲ್ ನೀರೇ ಕುಡಿದಿದ್ದೇನೆ. ಈ ಚಿಕಿತ್ಸೆ ನಡೆಯುತ್ತದೆಯೇ?
– ಓದುಗರು, ಪಾವಗಡ

ಉತ್ತರ: ಮೊದಲು ಫ್ಲೋರೋಸಿಸ್ (ನೀರಿನ ಫ್ಲೋರೈಡ್ ಹೆಚ್ಚಾಗಿ ಮೂಳೆ, ಕೀಲು ಬಿಗಿಯುವ ರೋಗ) ಅಲ್ಲವೆಂದು ಖಚಿತಪಡಿಸಿಕೊಳ್ಳಿ. ನಿಮ್ಮ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ ಗರಿಷ್ಠ 1.5. ನೀರನ್ನು ಪರೀಕ್ಷೆ ಮಾಡಿಸಿ, ಮುಂದೋಳು ಮತ್ತು ಬೆನ್ನಿನ ಎಕ್ಸ್‌ರೇಯನ್ನು ವೈದ್ಯರಿಗೆ ತೋರಿಸಿ. ಫ್ಲೋರೋಸಿಸ್ ಆಗಿದ್ದರೆ ಅಯಸ್ಕಾಂತ ಹಿಡಿದು ಪ್ರಯೋಜನವಿಲ್ಲ, ನೀರು ಬದಲಾಗಬೇಕು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದ ಆರ್‌ಒ ನೀರನ್ನು ಕುಡಿಯುವುದಕ್ಕಷ್ಟೇ ಅಲ್ಲ, ಮುದ್ದೆ, ಸಾರಿಗೂ ಬಳಸಿ.

ಪ್ರಶ್ನೆ: ಮಾವನವರಿಗೆ ಪೇಸ್‌ಮೇಕರ್ ಇದೆ. ಮಂಡಿಗೆ ಮಾತ್ರ ಕೊಡಿಸಬಹುದೇ?
– ಓದುಗರು, ಮುಳಬಾಗಿಲು

ಉತ್ತರ: ಬೇಡ. ಮಿಡಿಯುವ ಕಾಂತಕ್ಷೇತ್ರ ಪೇಸ್‌ಮೇಕರಿನ ಲೆಕ್ಕ ತಪ್ಪಿಸಬಹುದು. ಮನೆಯಲ್ಲಿ ಅಯಸ್ಕಾಂತದ ಪಟ್ಟಿಯಿದ್ದರೆ ಅದನ್ನು ಎದೆಯಿಂದ ಒಂದು ಗೇಣಿಗಿಂತ ಹತ್ತಿರ ತರಬಾರದು. ಅಂಗಿ ಜೇಬಿನಲ್ಲಿ, ದಿಂಬಿನ ಕೆಳಗೆ ಇಡುವುದಂತೂ ಕೂಡದು. ಗರ್ಭಿಣಿಯರು, ಮೂರ್ಛೆ ರೋಗದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇನ್ಸುಲಿನ್ ಪಂಪ್ ಹಾಕಿಸಿಕೊಂಡವರು ಸಹ ಈ ಯಂತ್ರದಿಂದ ದೂರವಿರಬೇಕು. ಮಾವನವರಿಗೆ ಮೇಲೆ ಹೇಳಿದ ಟವೆಲ್ ವ್ಯಾಯಾಮ ಸಾಕು. ಒತ್ತುವಾಗ ಉಸಿರು ಬಿಗಿಹಿಡಿಯದೆ ಬಾಯಲ್ಲಿ ಎಣಿಸುತ್ತಿರಲಿ.