ಗೋದಾಮಿನಲ್ಲಿರುವ ಸರಕಿಗೆ ಇಂದಿನ ಬಿಲ್

ಓದುಗರೊಬ್ಬರು ಬರೆಯುತ್ತಾರೆ: "ಮಗಳು ಎಂಬಿಎ ಓದುತ್ತಿದ್ದಾಳೆ. ‘ವ್ಯವಹಾರ ನೀತಿ’ ಅಂತ ಒಂದು ಇಡೀ ಪೇಪರ್ ಇದೆಯಂತೆ. ಸುಳ್ಳು ಹೇಳಬೇಡ, ಕದಿಯಬೇಡ ಎನ್ನುವುದನ್ನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಫೀಸು ಕಟ್ಟಿ ಕಲಿಯಬೇಕೇ? ಮನೆಯಲ್ಲಿ ಬಾರದ್ದು ಕಾಲೇಜಿನಲ್ಲಿ ಬಂದೀತೇ?"

ಸಂಪಾದಕರ ಉತ್ತರ:

ಸುಳ್ಳು ಹೇಳಬಾರದೆಂದು ಕಲಿಸುವುದಕ್ಕಾದರೆ ಆ ಪೇಪರ್ ಬೇಕಿಲ್ಲ, ನಿಜ. ಅದು ಕಲಿಸಬೇಕಾದದ್ದು ಬೇರೆ. ಕೆಲಸದ ಗಡಿಬಿಡಿಯಲ್ಲಿ ಎದುರಿಗೆ ಬಂದು ನಿಂತದ್ದು ಸುಳ್ಳು ಎಂದು ಗುರುತು ಹಿಡಿಯುವುದನ್ನು ಕಲಿಸಬೇಕು. ಅದಕ್ಕೆ ಮನೆಯ ಸಂಸ್ಕಾರವೊಂದೇ ಸಾಲದು.

ಡೆನ್ನಿಸ್ ಜಿಯೋಯಾ 1970ರ ದಶಕದಲ್ಲಿ ಫೋರ್ಡ್ ಕಂಪನಿಯಲ್ಲಿ, ದೋಷವಿರುವ ಕಾರುಗಳನ್ನು ವಾಪಸ್ ಕರೆಸುವ ಕೆಲಸದ ಸಂಯೋಜಕರಾಗಿದ್ದರು. ಹಿಂದಿನಿಂದ ಗುದ್ದಿಸಿಕೊಂಡ ಪಿಂಟೋ ಕಾರುಗಳಿಗೆ ಬೆಂಕಿ ಹೊತ್ತಿಕೊಂಡ ವರದಿಗಳು ಅವರ ಮೇಜಿಗೇ ಬಂದವು. ವಾಪಸ್ ಕರೆಸುವುದು ಬೇಡ ಎಂದೇ ಅವರೂ ಮತ ಹಾಕಿದರು. ಮನುಷ್ಯ ಕಟುಕರೇನಲ್ಲ. ವಿದ್ಯಾರ್ಥಿಯಾಗಿದ್ದಾಗ ಕಂಪನಿಗಳ ನಡತೆಯನ್ನು ಪ್ರಶ್ನಿಸುತ್ತಿದ್ದವರು, ಸ್ವತಃ ಪಿಂಟೋ ಓಡಿಸುತ್ತಿದ್ದವರು. ಆದರೆ ರಾಶಿಬಿದ್ದ ಫೈಲುಗಳಲ್ಲಿ ಅದೂ ಒಂದು ಫೈಲು. ಕರೆಸಬೇಕೋ ಬೇಡವೋ ಎಂದು ಅಳೆಯಲು ಅವರಿಗೆ ರೂಢಿಯಾಗಿದ್ದ ಮಾನದಂಡಕ್ಕೆ ಅದು ಸಿಗಲಿಲ್ಲ. ಇದು ನೀತಿಯ ಪ್ರಶ್ನೆ ಎಂದು ಆಗ ಹೊಳೆಯಲೇ ಇಲ್ಲವೆಂದು ಮುಂದೆ ಪ್ರಾಧ್ಯಾಪಕರಾದ ಮೇಲೆ ಅವರೇ ಬರೆದರು. ಕಾರುಗಳನ್ನು ಫೋರ್ಡ್ ವಾಪಸ್ ಕರೆಸಿದ್ದು 1978ರಲ್ಲಿ.

ಅಷ್ಟು ದೊಡ್ಡದೇಕೆ, ನಿಮ್ಮ ಮಗಳಿಗೆ ಕೆಲಸದ ಮೊದಲ ವರ್ಷದಲ್ಲೇ ಎದುರಾಗಬಹುದಾದದ್ದನ್ನು ನೋಡಿ. ತ್ರೈಮಾಸಿಕದ ಕೊನೆಯ ದಿನ, ಸಂಜೆ ಆರು ಗಂಟೆ. ಟಾರ್ಗೆಟ್ 100, ಆದದ್ದು 95. ಗಿರಾಕಿಯ ಆರ್ಡರ್ ಕೈಯಲ್ಲಿದೆ, ಸರಕು ಇನ್ನೂ ಗೋದಾಮಿನಲ್ಲಿದೆ, ಲಾರಿ ಬರುವುದು ನಾಳೆ. "ಇವತ್ತಿನ ತಾರೀಖಿಗೆ ಬಿಲ್ ಹಾಕಿಬಿಡಮ್ಮ, ಹೇಗೂ ನಾಳೆ ಹೋಗೋ ಮಾಲು," ಎನ್ನುತ್ತಾರೆ ಮ್ಯಾನೇಜರ್. ಯಾರ ಜೇಬಿಗೂ ಪೈಸೆ ಇಳಿಯಲಿಲ್ಲ. ಕಳ್ಳತನವೆಂದು ಯಾರಿಗೆ ಅನ್ನಿಸೀತು?

ಲೆಕ್ಕ ಮುಂದುವರಿಸಿ. ಮುಂದಿನ ತ್ರೈಮಾಸಿಕದಲ್ಲೂ ನಿಜವಾದ ಮಾರಾಟ 95 ಎನ್ನೋಣ. ಅದರಲ್ಲಿ 5 ಆಗಲೇ ಮುಗಿದಿದೆ, ಉಳಿದದ್ದು 90. ಈಗ 100 ಮುಟ್ಟಬೇಕಾದರೆ ಮುಂದಿನದರಿಂದ 10 ಕಡ ತರಬೇಕು. ಮೂರನೆಯದರಲ್ಲಿ 15, ನಾಲ್ಕನೆಯದರಲ್ಲಿ 20. ವ್ಯಾಪಾರ ಒಂದಿಷ್ಟೂ ಇಳಿದಿಲ್ಲ, ಸುಳ್ಳು ಮಾತ್ರ ನಾಲ್ಕು ಪಟ್ಟಾಗಿದೆ. ಕೈಯಲ್ಲಿರುವ ಆರ್ಡರುಗಳು ಅಷ್ಟಕ್ಕೆ ಸಾಲದೆ ಹೋದ ದಿನ ಇಲ್ಲದ ಗಿರಾಕಿಯನ್ನು ಹುಟ್ಟಿಸಬೇಕಾಗುತ್ತದೆ. ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರ ಪತ್ರದಲ್ಲಿ ಒಪ್ಪಿಕೊಂಡದ್ದೂ ಇಂಥದ್ದನ್ನೇ. ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ ಲಾಭಕ್ಕೂ ನಡುವೆ ಸಣ್ಣದಾಗಿ ಶುರುವಾದ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗಿತು ಎಂದು ಅದರಲ್ಲಿತ್ತು. ಅಷ್ಟೊತ್ತಿಗೆ ಲೆಕ್ಕಪತ್ರದಲ್ಲಿ ಮಾತ್ರ ಇದ್ದ ನಗದು 5,040 ಕೋಟಿ ರೂಪಾಯಿ.

ತರಗತಿಯಲ್ಲಿ ಮಾಡಬೇಕಾದ್ದು ಇಂಥ ಒಂದು ಸಂಜೆಯನ್ನು ಎಳೆಎಳೆಯಾಗಿ ಬಿಡಿಸುವ ಕೆಲಸ. ಆ ಬಿಲ್ಲಿನ ತಾರೀಖನ್ನು ನಂಬಿ ಯಾರೆಲ್ಲ ತೀರ್ಮಾನ ಮಾಡುತ್ತಾರೆ? ಸಾಲ ಕೊಟ್ಟ ಬ್ಯಾಂಕು, ಷೇರುದಾರರು, ತೆರಿಗೆಯವರು, ಬೋನಸ್ ಲೆಕ್ಕ ಹಾಕುವವರು. ಇನ್ನು ಮನಸ್ಸಿಗೆ ಬರುವ ಸಮಜಾಯಿಷಿಗಳು: "ಎಲ್ಲರೂ ಮಾಡ್ತಾರೆ", "ಇದೊಂದು ಸಲ", "ಮೇಲಿನವರು ಹೇಳಿದ್ದು". ಇವನ್ನು ಮೊದಲೇ ಬರೆದಿಟ್ಟುಕೊಂಡರೆ ಆಮೇಲೆ ಕಿವಿಗೆ ಬಿದ್ದ ಕೂಡಲೇ ಗುರುತು ಸಿಗುತ್ತವೆ.

ಇಷ್ಟನ್ನು ಮಾಡಿ ಬಹಳ ಮೇಷ್ಟ್ರುಗಳು ನಿಲ್ಲಿಸಿಬಿಡುತ್ತಾರೆ. ಮುಖ್ಯವಾದದ್ದು ಆಮೇಲಿದೆ: ಬಾಯಿಬಿಟ್ಟು ಹೇಳುವ ಅಭ್ಯಾಸ. ತರಗತಿಯಲ್ಲಿ ಒಬ್ಬರು ಮ್ಯಾನೇಜರ್ ಪಾತ್ರ ಮಾಡಲಿ, ಇನ್ನೊಬ್ಬರು ಹೊಸದಾಗಿ ಸೇರಿದವರ ಪಾತ್ರ ಮಾಡಲಿ. "ಇದು ತಪ್ಪು ಸಾರ್" ಎಂದರೆ ಮಾತು ಜಗಳಕ್ಕೆ ತಿರುಗಿ ಹೊಸಬರೇ ಸೋಲುತ್ತಾರೆ. "ಲಾರಿ ರಸೀದಿಯಲ್ಲಿ ನಾಳೆ ತಾರೀಖು ಬರುತ್ತೆ ಸಾರ್, ಆಡಿಟ್‌ನಲ್ಲಿ ಎರಡೂ ತಾಳೆ ಆಗಲ್ಲ. 95 ಅಂತಲೇ ತೋರಿಸಿ, ಉಳಿದ 5ರ ಆರ್ಡರ್ ಕೈಯಲ್ಲಿದೆ ಅಂತ ಕೆಳಗೆ ಬರೆಯೋಣವಾ?" ಎಂದರೆ ಮ್ಯಾನೇಜರಿಗೂ ಮುಖ ಉಳಿಸಿಕೊಂಡು ಹಿಂದೆ ಸರಿಯಲು ದಾರಿಯಿರುತ್ತದೆ. ಇಂಥ ಮಾತು ಆ ಗಳಿಗೆಯಲ್ಲಿ ತಾನಾಗಿ ಬರುವುದಿಲ್ಲ. ನಾಲ್ಕಾರು ಸಲ ಗಟ್ಟಿಯಾಗಿ ಆಡಿ ನಾಲಿಗೆಗೆ ರೂಢಿಯಾಗಿರಬೇಕು.

ನಿಮ್ಮ ಅನುಮಾನದಲ್ಲೂ ಹುರುಳಿದೆ. ಕಾಲೇಜು ಕಲಿಸಿದ್ದನ್ನು ಕೆಲಸದ ಜಾಗ ಅಳಿಸಿಹಾಕಬಲ್ಲದು. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ನೀತಿಸಂಹಿತೆ 64 ಪುಟಗಳಷ್ಟಿತ್ತು, ಆದರೂ ಲೆಕ್ಕಪತ್ರದ ಮೋಸ ಬಯಲಾಗಿ 2001ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ಎದ್ದಿತು. ಅಮೆರಿಕದ್ದೇ ಆದ ವೆಲ್ಸ್ ಫಾರ್ಗೋ ಬ್ಯಾಂಕು ಒಬ್ಬೊಬ್ಬ ಗ್ರಾಹಕರಿಗೆ ಎಂಟೆಂಟು ಸೇವೆಗಳನ್ನು ಮಾರಬೇಕೆಂಬ ಗುರಿ ಇಟ್ಟಿತ್ತು. ಅದನ್ನು ಮುಟ್ಟಲಾಗದ ಸಿಬ್ಬಂದಿ ಗ್ರಾಹಕರಿಗೆ ತಿಳಿಸದೆಯೇ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಜನರನ್ನು ಕೆಲಸದಿಂದ ತೆಗೆದದ್ದೂ ಬಯಲಾಯಿತು. ಅಷ್ಟೂ ಜನರ ಮನೆಯಲ್ಲಿ ಸಂಸ್ಕಾರವಿರಲಿಲ್ಲ ಎನ್ನಲಾದೀತೇ? ಹಾಗಾಗಿ ಮಗಳು ಕೆಲಸದ ಸಂದರ್ಶನಕ್ಕೆ ಹೋದಾಗ, ಟಾರ್ಗೆಟ್ ಮುಟ್ಟದ ತಿಂಗಳು ಇಲ್ಲಿ ಏನಾಗುತ್ತದೆ ಎಂದು ಕೇಳಲಿ.

ಫೀಸಿನ ಮಾತಿಗೆ ಬಂದರೆ, ಆ ಪೇಪರಿನ ಹಳೆಯ ಪ್ರಶ್ನೆಪತ್ರಿಕೆ ತರಿಸಿ ನೋಡಿ. "ವ್ಯವಹಾರ ನೀತಿಯ ವ್ಯಾಖ್ಯೆ ಕೊಟ್ಟು ಐದು ಲಕ್ಷಣಗಳನ್ನು ವಿವರಿಸಿ" ಎಂಬಂಥವೇ ತುಂಬಿದ್ದರೆ ನಿಮ್ಮ ತಕರಾರು ನ್ಯಾಯವಾದದ್ದೇ.