ಹಣದುಬ್ಬರ ಇಳಿದಿದೆ, ಬಾಡಿಗೆ ಏಕೆ ಇಳಿದಿಲ್ಲ?

ಓದುಗರ ಪತ್ರ: “ಹಣದುಬ್ಬರ ಹತೋಟಿಗೆ ಬಂದಿದೆ ಎಂದು ಆಡಳಿತ ಪಕ್ಷದವರು ಹೇಳುತ್ತಾರೆ. ಜನ ಬದುಕುವುದೇ ಕಷ್ಟವಾಗಿದೆ ಎಂದು ವಿರೋಧ ಪಕ್ಷದವರು. ನನ್ನ ಬಾಡಿಗೆ ಮಾತ್ರ ವರ್ಷವರ್ಷವೂ ಏರುತ್ತಲೇ ಇದೆ. ಒಬ್ಬರು ಬಾಡಿಗೆಗೆ ಮಿತಿ ಹಾಕುತ್ತೇವೆ ಅನ್ನುತ್ತಾರೆ, ಇನ್ನೊಬ್ಬರು ಮೊದಲ ಮನೆ ಕೊಳ್ಳುವವರಿಗೆ ನೆರವು ಕೊಡುತ್ತೇವೆ ಅನ್ನುತ್ತಾರೆ, ಮತ್ತೊಬ್ಬರದು ಖಾಲಿ ಮನೆಗೆ ತೆರಿಗೆ. ನಿಮ್ಮ ಪತ್ರಿಕೆ ಎಲ್ಲರ ಮಾತನ್ನೂ ಅಚ್ಚು ಹಾಕಿ ಸುಮ್ಮನಾಯಿತು. ಯಾರದು ಸರಿ ಎಂದು ಒಮ್ಮೆ ಹೇಳಿಬಿಡಿ.”

ಸಂಪಾದಕರ ಉತ್ತರ:

ಆಡಳಿತ ಪಕ್ಷದ ಮಾತಿನಿಂದಲೇ ಶುರು ಮಾಡೋಣ. ಅದು ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ಹಣದುಬ್ಬರದ ದರ ಹೇಳುವುದು ಬೆಲೆ ಏರುವ ವೇಗವನ್ನು. ಮೂರು ವರ್ಷ ಕ್ರಮವಾಗಿ ಶೇ 8, ಶೇ 6, ಶೇ 3ರಷ್ಟು ಏರಿಕೆಯಾದರೆ 100 ಇದ್ದ ಬೆಲೆ 108ಕ್ಕೆ, 114.5ಕ್ಕೆ, ಕೊನೆಗೆ ಸುಮಾರು 118ಕ್ಕೆ ಬಂದು ನಿಲ್ಲುತ್ತದೆ. ವೇಗ ಎಂಟರಿಂದ ಮೂರಕ್ಕೆ ಇಳಿದದ್ದು ನಿಜ, 118 ಮಾತ್ರ ಹಾಗೇ ಉಳಿಯಿತು. ಅಷ್ಟು ಹೊತ್ತಿಗೆ ಸಂಬಳ 110 ಮುಟ್ಟಿದ್ದರೆ ನಡುವಿನ ಎಂಟನ್ನು ಮನೆಯವರೇ ಎಲ್ಲಾದರೂ ಕಡಿತ ಮಾಡಿ ತುಂಬಬೇಕು. ‘ಬೆಲೆ ಇಳಿಸುತ್ತೇವೆ’ ಎನ್ನುವ ಅಭ್ಯರ್ಥಿಯನ್ನು ಬೆಲೆಯನ್ನೋ, ವೇಗವನ್ನೋ ಎಂದು ಕೇಳಿ ನೋಡಿ. ಎಲ್ಲ ಬೆಲೆಯೂ ಒಟ್ಟಿಗೆ ಕುಸಿಯುವುದು ಹೆಚ್ಚಾಗಿ ಜನ ಕೆಲಸ ಕಳೆದುಕೊಳ್ಳುವ ಕಾಲದಲ್ಲಿ. ಹಾಗಾಗಿ ಪ್ರಾಮಾಣಿಕವಾಗಿ ಕೊಡಬಹುದಾದ ಭರವಸೆ, ಸಂಬಳ ಬೆಲೆಗಿಂತ ಬೇಗ ಏರುವಂತೆ ನೋಡಿಕೊಳ್ಳುವುದು. ವೇದಿಕೆಯ ಮೇಲೆ ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ ಅಷ್ಟೆ.

ಮನೆಯ ವಿಷಯಕ್ಕೆ ಬಂದರೆ ಹಣದುಬ್ಬರ ಅಳೆಯುವ ಸೂಚ್ಯಂಕದೊಳಗೇ ಒಂದು ಅಂತರವಿದೆ. ಮನೆ ಕೊಳ್ಳುವುದನ್ನು ಹೂಡಿಕೆ ಎಂದು ಬಗೆಯುವುದರಿಂದ ಬಹುತೇಕ ದೇಶಗಳ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಮನೆಯ ಮಾರಾಟದ ಬೆಲೆ ನೇರವಾಗಿ ಸೇರುವುದಿಲ್ಲ. ಅಮೆರಿಕ 1983ರಿಂದ, ಸ್ವಂತ ಮನೆಯವರು ಅದೇ ಮನೆಗೆ ಬಾಡಿಗೆ ಕೊಡುವುದಾಗಿದ್ದರೆ ಎಷ್ಟು ಕೊಡಬೇಕಿತ್ತು ಎಂಬ ಅಂದಾಜನ್ನು ಬಳಸುತ್ತಿದೆ. ಯುರೋ ವಲಯದ ಹಣದುಬ್ಬರದ ಮುಖ್ಯ ಸೂಚ್ಯಂಕವಂತೂ ಸ್ವಂತ ಮನೆಯಲ್ಲಿರುವವರ ವಸತಿ ವೆಚ್ಚವನ್ನು ಹೊರಗೇ ಇಟ್ಟಿತ್ತು. ಬಾಡಿಗೆಯ ಲೆಕ್ಕವೂ ತಡವಾಗಿಯೇ ಬರುತ್ತದೆ. ಅಮೆರಿಕದಲ್ಲಿ ಒಂದೊಂದು ಮನೆಯ ಬಾಡಿಗೆ ವಿಚಾರಿಸುವುದು ಆರು ತಿಂಗಳಿಗೊಮ್ಮೆ, ಅದರಲ್ಲೂ ಹೆಚ್ಚಿನವು ಹಳೆಯ ಕರಾರಿನ ಬಾಡಿಗೆಗಳು. ಈ ತಿಂಗಳು ಮನೆ ಹುಡುಕಲು ಹೊರಟವರು ಕೇಳುವ ಹೊಸ ಬಾಡಿಗೆ ಸೂಚ್ಯಂಕದಲ್ಲಿ ಪೂರ್ತಿ ಕಾಣಿಸಿಕೊಳ್ಳಲು ಒಂದು ವರ್ಷವೇ ಹಿಡಿದರೂ ಆಶ್ಚರ್ಯವಿಲ್ಲ.

ನಿಮ್ಮ ಮನೆಯ ಹಣದುಬ್ಬರವನ್ನು ನೀವೇ ಲೆಕ್ಕ ಹಾಕಬಹುದು, ಒಂದು ಸಂಜೆಯ ಕೆಲಸ. ಕಳೆದ ಹನ್ನೆರಡು ತಿಂಗಳ ಖರ್ಚನ್ನು ಐದಾರು ಬಾಬತ್ತಾಗಿ ವಿಂಗಡಿಸಿ. ಪ್ರತಿಯೊಂದೂ ಒಟ್ಟು ಖರ್ಚಿನ ಶೇಕಡಾ ಎಷ್ಟು, ಅದರ ದರ ವರ್ಷದಲ್ಲಿ ಶೇಕಡಾ ಎಷ್ಟು ಏರಿತು ಎಂದು ಬರೆದು, ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿ, ಬಂದದ್ದನ್ನೆಲ್ಲ ಕೂಡಿಸಿ. ಬಾಡಿಗೆ ಶೇ 40, ಏರಿಕೆ ಶೇ 9 ಆದರೆ 3.6. ಆಹಾರ ಶೇ 25, ಏರಿಕೆ ಶೇ 4: 1.0. ಓದು ಮತ್ತು ಔಷಧಿ ಶೇ 15, ಏರಿಕೆ ಶೇ 8: 1.2. ಓಡಾಟ ಶೇ 10, ಏರಿಕೆ ಶೇ 3: 0.3. ಉಳಿದ ಶೇ 10ಕ್ಕೆ ಏರಿಕೆ ಶೇ 1: 0.1. ಒಟ್ಟು ಶೇ 6.2. ಇದೇ ಖರ್ಚುಗಳಿದ್ದು, ಬಾಡಿಗೆಯೂ ಇಲ್ಲದ, ಸಾಲವೂ ತೀರಿದ ಸ್ವಂತ ಮನೆಯವರಿಗೆ ಇದು ಸುಮಾರು ಶೇ 4.3. ಅಂಗಡಿ ಒಂದೇ, ಬೆಲೆ ಒಂದೇ, ಹಣದುಬ್ಬರ ಬೇರೆ. ಟಿ.ವಿ. ಚರ್ಚೆಯಲ್ಲಿ ಇಬ್ಬರು ಕಿರುಚಾಡುವಾಗ ಇಬ್ಬರೂ ನಿಜ ಹೇಳುತ್ತಿರುವ ಸಾಧ್ಯತೆ ಇದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಹೆಚ್ಚು ಕೊಂಡದ್ದನ್ನೂ ಬೆಲೆಯೇರಿಕೆಗೆ ಸೇರಿಸುವುದು. ಬಾಬತ್ತಿನ ಮೊತ್ತ ಏರಿದ್ದನ್ನಲ್ಲ, ಅಷ್ಟೇ ವಸ್ತುವಿನ ದರ ಏರಿದ್ದನ್ನು ಹಿಡಿಯಬೇಕು.

ಸಾಲ ಮಾಡಿ ಕೊಂಡವರ ಪಾಡೂ ಸೂಚ್ಯಂಕದಲ್ಲಿ ಸರಿಯಾಗಿ ಕಾಣುವುದಿಲ್ಲ. 20 ವರ್ಷದ ಸಾಲ, ಬಡ್ಡಿ ಶೇ 6.5 ಇದ್ದಾಗ ಪ್ರತಿ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 746. ಬಡ್ಡಿ ಶೇ 9 ಆದರೆ 900, ಅಂದರೆ ಐದರಲ್ಲೊಂದು ಪಾಲು ಹೆಚ್ಚು. ಕಂತು ಹಾಗೇ ಇರಲಿ, ಅವಧಿ ಬೆಳೆಯಲಿ ಎಂದು ಹೊಸ ಸಾಲಗಾರರು ಒಪ್ಪಿದರೋ, ಎಡವಟ್ಟಾಗುವುದು ಅಲ್ಲೇ. ಶೇ 9ರಲ್ಲಿ ಒಂದು ಲಕ್ಷಕ್ಕೆ ತಿಂಗಳ ಬಡ್ಡಿಯೇ 750. ಕಟ್ಟುವುದು 746. ಕಂತು ಒಂದೂ ತಪ್ಪದಿದ್ದರೂ ಅಸಲು ಏರುತ್ತಲೇ ಹೋಗುತ್ತದೆ. ಬಡ್ಡಿ ಪರಿಷ್ಕರಣೆಯ ಪತ್ರ ಬಂದಾಗ ‘ಉಳಿದ ಅವಧಿ’ ಎಂಬ ಸಾಲನ್ನು ಮೊದಲು ನೋಡಬೇಕಾದ್ದು ಇದಕ್ಕೇ.

ಈಗ ಮೂರು ಭರವಸೆಗಳು. ನಮ್ಮ ಅಳತೆಗೋಲು ಒಂದೇ: ಇದರಿಂದ ಜನ ವಾಸಿಸಬಹುದಾದ ಮನೆಗಳ ಸಂಖ್ಯೆ ಹೆಚ್ಚುತ್ತದೆಯೋ, ಇರುವಷ್ಟೇ ಮನೆಗಳ ಬೆನ್ನು ಹತ್ತುವ ಹಣ ಹೆಚ್ಚುತ್ತದೆಯೋ?

ಕೊಳ್ಳುವವರಿಗೆ ನೆರವು ಈ ಪರೀಕ್ಷೆಯಲ್ಲಿ ಸುಲಭವಾಗಿ ಸೋಲುತ್ತದೆ. ಹತ್ತು ಮನೆಗೆ ಹದಿನೈದು ಜನ ನಿಂತಿದ್ದಾಗ ಹದಿನೈದೂ ಜನರ ಕೈಗೆ ಹಣ ಕೊಟ್ಟರೆ ಆ ಹಣ ಮಾರುವವನ ಜೇಬಿಗೆ ಹೋಗುತ್ತದೆ. ಇಂಗ್ಲೆಂಡ್ 2013ರಲ್ಲಿ, ಹೊಸ ಮನೆಯ ಬೆಲೆಯ ಶೇ 20ರವರೆಗೆ ಸರ್ಕಾರವೇ ಸಾಲ ಕೊಡುವ ಯೋಜನೆ ತಂದಿತು. ಲಂಡನ್ನಿಗೆ 2016ರಲ್ಲಿ ಅದು ಶೇ 40 ಆಯಿತು. ಆಮೇಲಿನ ಅಧ್ಯಯನದಲ್ಲಿ ಕಂಡದ್ದು: ಕಟ್ಟಲು ಜಾಗ, ಅನುಮತಿ ಎರಡೂ ಕಷ್ಟವಿದ್ದ ಲಂಡನ್ ಭಾಗದಲ್ಲಿ ಬೆಲೆ ಏರಿತು, ಅನುಮತಿ ಸಲೀಸಾಗಿದ್ದ ವೇಲ್ಸ್ ಗಡಿಯ ಕಡೆ ಮನೆಗಳು ಹೆಚ್ಚಾದವು. ಒಂದೇ ನೆರವು, ಎರಡು ಫಲ. ಅಭಾವ ಎಲ್ಲಿ ಹೆಚ್ಚೋ ಅಲ್ಲೇ ಇದು ಕಡಿಮೆ ಉಪಯೋಗಕ್ಕೆ ಬರುತ್ತದೆ.

ಬಾಡಿಗೆ ಮಿತಿಯ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗದು, ಏಕೆಂದರೆ ಒಳಗಿರುವವರಿಗೆ ಅದು ನಿಜಕ್ಕೂ ಒಳ್ಳೆಯದು. ಸ್ಯಾನ್ ಫ್ರಾನ್ಸಿಸ್ಕೊ 1994ರ ಮತದಾನದಲ್ಲಿ, 1980ಕ್ಕಿಂತ ಮೊದಲಿನ ಸಣ್ಣ ವಠಾರಗಳನ್ನೂ ಮಿತಿಯೊಳಗೆ ತಂದಿತು. ಅಲ್ಲಿದ್ದ ಬಾಡಿಗೆದಾರರು ಮನೆ ಬಿಡದೆ ಉಳಿಯುವುದು ಹೆಚ್ಚಾಯಿತು, ಉದ್ದೇಶವೂ ಅದೇ ಇತ್ತು. ಆದರೆ ಮಾಲೀಕರು ಮನೆಗಳನ್ನು ಮಾರಿಯೋ ಹೊಸದಾಗಿ ಕಟ್ಟಿಸಿಯೋ ಬಾಡಿಗೆಯಿಂದ ಹೊರತೆಗೆದರು. ಆ ಕಟ್ಟಡಗಳಲ್ಲಿ ಬಾಡಿಗೆ ಮನೆ ಶೇ 15ರಷ್ಟು ಕಡಿಮೆಯಾಗಿ, ನಗರದ ಒಟ್ಟು ಬಾಡಿಗೆ ಸುಮಾರು ಶೇ 5ರಷ್ಟು ಏರಿತು ಎಂದು ಸ್ಟ್ಯಾನ್‌ಫರ್ಡ್ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಬರ್ಲಿನ್ 2020ರ ಫೆಬ್ರುವರಿಯಲ್ಲಿ ಸುಮಾರು 15 ಲಕ್ಷ ಮನೆಗಳ ಬಾಡಿಗೆಯನ್ನು ಹಿಂದಿನ ಜೂನ್ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆಗಿದೆ ಎಂಬ ಜಾಹೀರಾತುಗಳೇ ವಿರಳವಾದವು. ಇಂಥ ಕಾನೂನು ಮಾಡುವ ಅಧಿಕಾರ ಬರ್ಲಿನ್‌ಗಿಲ್ಲ ಎಂದು 2021ರ ಏಪ್ರಿಲ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿದಾಗ, ಕಡಿಮೆ ಕೊಟ್ಟಿದ್ದವರಲ್ಲಿ ಅನೇಕರು ಬಾಕಿ ತೆರಬೇಕಾಯಿತು. ಅಮೆರಿಕದ ಸೇಂಟ್ ಪಾಲ್ ನಗರದ ಮತದಾರರು 2021ರಲ್ಲಿ ವರ್ಷಕ್ಕೆ ಶೇ 3ರ ಮಿತಿ ಹಾಕಿದರು, ಇನ್ನೂ ಕಟ್ಟದ ಮನೆಗಳಿಗೂ ಸೇರಿಸಿ. ಕಟ್ಟಡ ಪರವಾನಗಿಯ ಅರ್ಜಿಗಳು ಬಿದ್ದುಹೋದವು. ಮರುವರ್ಷವೇ ಹೊಸ ಕಟ್ಟಡಗಳಿಗೆ 20 ವರ್ಷ ವಿನಾಯಿತಿ ಕೊಡಬೇಕಾಯಿತು.

ಆದ್ದರಿಂದ ಬಾಡಿಗೆ ಮಿತಿಯ ಭರವಸೆಯಲ್ಲಿ ಸಣ್ಣ ಅಕ್ಷರಗಳನ್ನೇ ಓದಿ: ಹೊಸ ಮನೆಗೆ ಎಷ್ಟು ವರ್ಷ ವಿನಾಯಿತಿ, ಮಿತಿಗೂ ಹಣದುಬ್ಬರಕ್ಕೂ ಗಂಟು ಹಾಕಿದ್ದಾರೆಯೇ, ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬಂದಾಗ ಬಾಡಿಗೆ ಯಾವ ಲೆಕ್ಕ. ಒಂದೇ ವರ್ಷದಲ್ಲಿ ಬಾಡಿಗೆ ದುಪ್ಪಟ್ಟು ಮಾಡಿ ಜನರನ್ನು ಹೊರಹಾಕುವುದಕ್ಕೆ ತಡೆ ಹಾಕುವ ನಿಯಮ ಬೇಕು ಎಂಬುದು ನಮ್ಮ ಅಭಿಪ್ರಾಯ. ಅದರಿಂದ ಬಾಡಿಗೆ ಅಗ್ಗವಾಗುತ್ತದೆ ಎನ್ನುವವರನ್ನು ಮಾತ್ರ ನಾವು ನಂಬುವುದಿಲ್ಲ.

ಪರೀಕ್ಷೆಯಲ್ಲಿ ಗೆದ್ದ ದಾರಿಗಳು ಎರಡು, ಎರಡೂ ನಿಧಾನ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ವಸತಿ ಪ್ರದೇಶದ ಮುಕ್ಕಾಲು ಪಾಲಿನಷ್ಟು ಜಾಗದಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ಐದಾರು ವರ್ಷಗಳಲ್ಲಿ ಪರವಾನಗಿಗಳು ದುಪ್ಪಟ್ಟಾದವು. ಇನ್ನೊಂದು, ಸರ್ಕಾರವೇ ಜಾಗ ಹಿಡಿದು ಕಟ್ಟುವುದು. ಆಸ್ಟ್ರಿಯಾದ ವಿಯೆನ್ನಾ 1923ರಲ್ಲಿ ವಸತಿ ತೆರಿಗೆ ಹಾಕಿ ಆರಂಭಿಸಿದ ಈ ಕೆಲಸದಿಂದ ಇಂದು ನಗರಸಭೆಯ ಕೈಯಲ್ಲಿ ಸುಮಾರು 2.2 ಲಕ್ಷ ಮನೆಗಳಿವೆ. ಸಿಂಗಪುರ 1960ರಲ್ಲಿ ವಸತಿ ಮಂಡಳಿಯನ್ನೂ 1966ರಲ್ಲಿ ಭೂಸ್ವಾಧೀನದ ಕಾನೂನನ್ನೂ ತಂದಿತು. ಕಾನೂನಿನ ಬಲ ಇಲ್ಲದಿದ್ದರೆ ಮಂಡಳಿಗೆ ಅಷ್ಟು ಜಾಗ ಸಿಗುತ್ತಿರಲಿಲ್ಲ. ‘ವಿಯೆನ್ನಾ ಮಾದರಿ’ ಎಂದು ಭಾಷಣ ಮಾಡುವವರು ಮನೆಗಳ ಫೋಟೊ ತೋರಿಸುತ್ತಾರೆ, ತೆರಿಗೆಯ ವಿಷಯ ಎತ್ತುವುದಿಲ್ಲ.

ಖಾಲಿ ಮನೆ ತೆರಿಗೆ ಸಣ್ಣ ಮದ್ದು. ಕೆನಡಾದ ವ್ಯಾಂಕೂವರ್ 2017ರಿಂದ, ವರ್ಷದಲ್ಲಿ ಆರು ತಿಂಗಳಾದರೂ ಜನ ವಾಸಿಸದ ಮನೆಗೆ ಅದರ ಬೆಲೆಯ ಶೇ 1ರಷ್ಟು ತೆರಿಗೆ ಹಾಕಿತು, ಮುಂದೆ ಅದನ್ನು ಶೇ 3ಕ್ಕೆ ಏರಿಸಿತು. ಖಾಲಿ ಮನೆಗಳು ಕಡಿಮೆಯಾದದ್ದು ನಿಜ, ಆದರೆ ಒಮ್ಮೆ ಬೀಗ ತೆಗೆದ ಮನೆಗೆ ಮರುವರ್ಷ ಮತ್ತೆ ಬೀಗ ತೆಗೆಯಲಾಗದು.

ಸಭೆಯಲ್ಲಿ ನಿಮಗೆ ಒಂದೇ ಪ್ರಶ್ನೆಗೆ ಅವಕಾಶ ಸಿಕ್ಕರೆ, ಎಷ್ಟು ಮನೆ ಮಂಜೂರಾಗಿದೆ ಎಂದು ಕೇಳಬೇಡಿ, ಮಂಜೂರಾತಿ ಕಾಗದದ ಕೆಲಸ. ಕಳೆದ ವರ್ಷ ನೀರು, ಒಳಚರಂಡಿ, ವಿದ್ಯುತ್ ಸಂಪರ್ಕ ಸಿಕ್ಕು ಜನ ವಾಸಕ್ಕೆ ಬಂದ ಮನೆಗಳೆಷ್ಟು, ಅದೇ ವರ್ಷ ಹೊಸದಾಗಿ ಆದ ಸಂಸಾರಗಳೆಷ್ಟು ಎಂದು ಕೇಳಿ. ಮೊದಲಿನ ಸಂಖ್ಯೆ ಎರಡನೆಯದಕ್ಕಿಂತ ಕಡಿಮೆಯಿದ್ದರೆ, ಯಾವ ಪಕ್ಷ ಗೆದ್ದರೂ ಮುಂದಿನ ವರ್ಷ ನಿಮ್ಮ ಬಾಡಿಗೆ ಏರುವ ಸಂಭವವೇ ಹೆಚ್ಚು.