ರಾಟ್‌ವೀಲರ್ ನಾಯಿಯನ್ನು ‘ಲ್ಯಾಬ್ ಮಿಕ್ಸ್’ ಅಂತ ಬರೆಸಿ ಲೈಸೆನ್ಸ್ ಮಾಡಿಸಬಹುದಾ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದವರು ಕೇಂದ್ರ ಸರ್ಕಾರ ಅಪಾಯಕಾರಿ ಅಂತ ಹೆಸರಿಸಿದ 23 ನಾಯಿ ತಳಿಗಳ ಪಟ್ಟಿ ಹಿಡಿದು ನೋಟಿಸ್ ಕೊಟ್ಟಿದ್ದಾರೆ, ಲೈಸೆನ್ಸ್‌ನಲ್ಲಿ ಲ್ಯಾಬ್ ಮಿಕ್ಸ್ (ಲ್ಯಾಬ್ರಡಾರ್ ಮಿಶ್ರತಳಿ) ಅಂತ ಬರೆಸಲಾ, ಇಲ್ಲಾ ನಾಯಿಯನ್ನು ಊರಿಗೆ ಕಳಿಸಲಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಮಾಡಿ ನೋಡಿದವನು. ಎರಡೂ ಬೇಡ.

ಆಗ ನಾವು ದೆಹಲಿ ಪಕ್ಕದ ಗಾಜಿಯಾಬಾದ್‌ನಲ್ಲಿದ್ದೆವು. ಕೆಲಸ ನೋಯಿಡಾದಲ್ಲಿ, ಬಾಡಿಗೆ ಫ್ಲ್ಯಾಟ್ ಇಂದಿರಾಪುರಂನಲ್ಲಿ. ನಮ್ಮ ಭೀಮ ಅಪ್ಪಟ ರಾಟ್‌ವೀಲರ್. ಕರಿ ಮೈ, ಎರಡು ಕಣ್ಣಿನ ಮೇಲೂ ಹುಬ್ಬು ತೀಡಿದ ಹಾಗೆ ಕಂದು ಚುಕ್ಕೆ, ತೂಕ 50 ಕೆಜಿ ಹತ್ತಿರ. ಮರಿಯಿಂದ ಸಾಕಿದ್ದು. ಸೊಸೈಟಿಯ ಮಕ್ಕಳಿಗೆ ಅವನ ಹೆಸರು ಗೊತ್ತಿತ್ತು, ವಾಚ್‌ಮನ್ ಚಪಾತಿ ಚೂರು ಹಾಕುತ್ತಿದ್ದರು.

2022ರಲ್ಲಿ ಎಲ್ಲ ಬದಲಾಯಿತು. ಜುಲೈನಲ್ಲಿ ಲಖನೌದಲ್ಲಿ ಪಿಟ್‌ಬುಲ್ ಒಂದು ತನ್ನ ಮನೆಯ 82 ವರ್ಷದ ಅಜ್ಜಿಯನ್ನೇ ಕೊಂದಿತು. ಸೆಪ್ಟೆಂಬರ್‌ನಲ್ಲಿ ಗಾಜಿಯಾಬಾದ್‌ನ ಲಿಫ್ಟ್ ಒಂದರಲ್ಲಿ ನಾಯಿ ಹುಡುಗನನ್ನು ಕಚ್ಚಿತು. ಒಡತಿ ಪಕ್ಕದಲ್ಲೇ ಸುಮ್ಮನೆ ನಿಂತಿದ್ದ ವಿಡಿಯೊ ಎಲ್ಲರ ಫೋನಿಗೂ ಬಂತು. ಅದೇ ಊರಿನ ಪಾರ್ಕ್‌ನಲ್ಲಿ ಪಿಟ್‌ಬುಲ್ ಒಂದು ಇನ್ನೊಬ್ಬ ಹುಡುಗನ ಮುಖ ಹರಿದು, ನೂರಕ್ಕೂ ಜಾಸ್ತಿ ಹೊಲಿಗೆ ಬಿದ್ದವು. ಜನ ಹೆದರಿದರು. ಹೆದರದೆ ಇನ್ನೇನು ಮಾಡುತ್ತಾರೆ? ಅಕ್ಟೋಬರ್‌ನಲ್ಲಿ ಅಲ್ಲಿನ ಪಾಲಿಕೆ ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟಿನೊ ಈ ಮೂರನ್ನು ನಿಷೇಧಿಸಿತು. ಹೊಸದಾಗಿ ತರುವಂತಿಲ್ಲ. ಈಗಾಗಲೇ ಸಾಕಿಕೊಂಡವರು ಎರಡು ತಿಂಗಳೊಳಗೆ ಸಂತಾನಹರಣ ಆಪರೇಷನ್ ಮಾಡಿಸಬೇಕು. ಹೊರಗೆ ಕರೆದೊಯ್ಯುವಾಗ ಬಾಯಿಕುಕ್ಕೆ ಹಾಕಬೇಕು. ಬಹುಮಹಡಿ ಕಟ್ಟಡದಲ್ಲಿ ಸರ್ವಿಸ್ ಲಿಫ್ಟನ್ನೇ ಬಳಸಬೇಕು.

ಇಷ್ಟೇ ಕೇಳಿದ್ದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಗ ನಾನು ಇದನ್ನು ಸರಿಯಾಗಿ ಓದಲೇ ಇಲ್ಲ. ‘ನಿಷೇಧ’ ಅನ್ನೋ ಒಂದು ಪದ ಓದಿದೆ, ಕೈಕಾಲು ತಣ್ಣಗಾಯಿತು. ಇವತ್ತು ಆಪರೇಷನ್ ಅಂತಾರೆ, ನಾಳೆ ಪಟ್ಟಿ ಹಿಡಿದು ಮನೆಗೇ ಬಂದು ಎತ್ತಿಕೊಂಡು ಹೋಗ್ತಾರೆ ಅಂತ ಲೆಕ್ಕ ಹಾಕಿದೆ. ಹೆಂಡತಿ ಹೇಳಿದಳು: “ರೀ, ಇದ್ದದ್ದು ಇದ್ದ ಹಾಗೆ ಬರೀರಿ. ಆಪರೇಷನ್ ತಾನೆ, ಮಾಡಿಸಿದ್ರಾಯ್ತು.” ನಾನು ಕೇಳಲಿಲ್ಲ. ನೋಂದಣಿ ಅರ್ಜಿಯ ತಳಿ ಕಾಲಂನಲ್ಲಿ ಲ್ಯಾಬ್ ಮಿಕ್ಸ್ ಅಂತ ತುಂಬಿದೆ. ಫೋಟೊ ಕೂಡ ಅವನು ಮಲಗಿ ನಿದ್ದೆ ಮಾಡುತ್ತಿರುವುದನ್ನು ಹಾಕಿದೆ, ಮುಖದ ಚುಕ್ಕೆಗಳು ಕಾಣಬಾರದು ಅಂತ.

ಆ ಸುಳ್ಳು ಒಂದು ಕಾಲಂನಲ್ಲಿ ನಿಲ್ಲಲಿಲ್ಲ. ನಿಮಗೆ ಬಿಡಿಸಿ ಹೇಳಬೇಕಾದ್ದು ಇದೇ. ಲ್ಯಾಬ್ ಅಂತ ಬರೆದ ಮೇಲೆ ಬಾಯಿಕುಕ್ಕೆ ಹಾಕೋದು ಹೇಗೆ? ಲ್ಯಾಬ್‌ಗೆ ಯಾಕೆ ಅಂತ ಯಾರಾದರೂ ಕೇಳ್ತಾರೆ. ಹಾಗಾಗಿ ಅದನ್ನು ಕೊಳ್ಳಲೇ ಇಲ್ಲ. ಸರ್ವಿಸ್ ಲಿಫ್ಟ್‌ನಲ್ಲಿ ಹೌಸ್‌ಕೀಪಿಂಗ್‌ನವರು, ಸಾಮಾನು ಸಾಗಿಸೋರು ಸದಾ ಇರುತ್ತಿದ್ದರು, ನೋಡಿದರೆ ಮಾತಾಡ್ತಾರೆ ಅಂತ ಅದನ್ನೂ ಬಿಟ್ಟೆ. ಅವನ ಮಾಮೂಲಿ ಡಾಕ್ಟರ ಹತ್ತಿರ ಹೋಗುವುದು ನಿಂತಿತು, ಅವರ ದಾಖಲೆಯಲ್ಲಿ ರಾಟ್‌ವೀಲರ್ ಅಂತಲೇ ಇತ್ತಲ್ಲ. ಹೊಸ ಡಾಕ್ಟರನ್ನು ಹುಡುಕುವುದನ್ನು ಮುಂದೂಡುತ್ತಾ ಹೋದೆ. ಹೀಗೆ ವರ್ಷಕ್ಕೊಮ್ಮೆ ಹಾಕಿಸಬೇಕಾದ ರೇಬಿಸ್ ಬೂಸ್ಟರ್ ತಪ್ಪಿತು. ವಾಕಿಂಗ್ ಬೆಳಕು ಹರಿಯುವ ಮುಂಚೆ ಒಂದು, ಎಲ್ಲರೂ ಮಲಗಿದ ಮೇಲೆ ಇನ್ನೊಂದು. ಜನರನ್ನು ಸುರಕ್ಷಿತವಾಗಿ ಇಡಲು ಇದ್ದ ಒಂದೊಂದು ಉಪಾಯವನ್ನೂ ಆ ಸುಳ್ಳು ಕಾಪಾಡಿಕೊಳ್ಳಲು ಬಿಟ್ಟುಕೊಟ್ಟೆ.

ಭೀಮನಿಗೆ ಇದ್ಯಾವುದೂ ಗೊತ್ತಿಲ್ಲ. ಅವನಿಗೆ ಗೊತ್ತಾಗಿದ್ದು ಮಕ್ಕಳು ಸಿಗ್ತಿಲ್ಲ, ವಾಚ್‌ಮನ್ ಸಿಗ್ತಿಲ್ಲ ಅನ್ನೋದು ಅಷ್ಟೇ. ದಿನವಿಡೀ ಬಾಲ್ಕನಿ ಗ್ರಿಲ್‌ಗೆ ಮುಂಗಾಲು ಕೊಟ್ಟು ನಿಲ್ಲುತ್ತಿದ್ದ. ಕಾಲಿಂಗ್ ಬೆಲ್ ಆದರೆ ಮೊದಲು ಬಾಲ ಆಡಿಸುತ್ತಿದ್ದವನು ಬಾಗಿಲಿಗೆ ಎಗರಲು ಶುರು ಮಾಡಿದ. ಮನುಷ್ಯರನ್ನು ದಿನಾ ನೋಡದ ನಾಯಿಗೆ ಮನುಷ್ಯರು ಹೊಸಬರಾಗುತ್ತಾರೆ. ಯಾವ ತಳಿಯಾದರೂ ಅಷ್ಟೇ.

ಒಂದು ಮುಂಜಾನೆ ಲಿಫ್ಟ್ ಕೆಳಗಿನ ಮಹಡಿಯೊಂದರಲ್ಲಿ ನಿಂತು ಬಾಗಿಲು ತೆರೆಯಿತು. ಎದುರಿಗೆ ವಯಸ್ಸಾದವರೊಬ್ಬರು, ಕೈಯಲ್ಲಿ ಬಟ್ಟೆ ಚೀಲ. ಭೀಮ ಒಂದೇ ನೆಗೆತಕ್ಕೆ ಮುಂದೆ ಹೋದ. ಹಗ್ಗ ನನ್ನ ಕೈಯಲ್ಲೇ ಇತ್ತು, ನಾನೂ ಅದರ ಜೊತೆ ಹೋದೆ. ಅವರು ಹಿಂದಕ್ಕೆ ಬಿದ್ದರು. ಹಲ್ಲು ತಾಗಿರಲಿಲ್ಲ, ಆದರೆ ಮಣಿಕಟ್ಟಿನ ಮೂಳೆ ಮುರಿದಿತ್ತು, ಮೊಣಕೈ ಹತ್ತಿರ ಉಗುರು ಗೀರಿ ರಕ್ತ ಬಂದಿತ್ತು. ನಾಯಿಯ ಲಸಿಕೆ ಅವಧಿ ಮೀರಿದ್ದರಿಂದ ಆ ಹಿರಿಯರು ಮುರಿದ ಕೈ ಇಟ್ಟುಕೊಂಡು ರೇಬಿಸ್ ಚುಚ್ಚುಮದ್ದಿನ ಪೂರ್ತಿ ಕೋರ್ಸ್ ತಗೊಳ್ಳಬೇಕಾಯಿತು.

ಸಂಜೆ ಅವರ ಮಗ ಬಂದು ಕಾಗದ ಕೇಳಿದರು. ನೋಂದಣಿ ಪತ್ರ, ಲಸಿಕೆ ಪುಸ್ತಕ ಎರಡನ್ನೂ ಮೇಜಿನ ಮೇಲಿಟ್ಟೆ. ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ ಡಾಕ್ಟರು ನೀಲಿ ಇಂಕಿನಲ್ಲಿ ರಾಟ್‌ವೀಲರ್ ಅಂತ ಬರೆದು ಸೀಲು ಒತ್ತಿದ್ದರು. ಆ ಮಗ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರು. ಜಗಳ ಆಡಲಿಲ್ಲ. ಪೊಲೀಸ್ ದೂರು ಕೊಡಲ್ಲ, ನಾಯಿ ಈ ವಾರ ಇಲ್ಲಿಂದ ಹೋಗಬೇಕು ಅಂದರು. ಸಂತಾನಹರಣ ಮಾಡಿಸಿ, ಬಾಯಿಕುಕ್ಕೆ ಹಾಕಿ, ಲಸಿಕೆ ಸರಿಯಾಗಿ ಕೊಡಿಸಿ, ನಿಜವಾದ ಕಾಗದ ಇಟ್ಟುಕೊಂಡಿದ್ದರೆ ನಾನು ‘ಆಸ್ಪತ್ರೆ ಖರ್ಚು ಕೊಡ್ತೀನಿ, ಇನ್ನೊಂದು ಅವಕಾಶ ಕೊಡಿ’ ಅಂತಾದರೂ ಕೇಳಬಹುದಿತ್ತು. ಖರ್ಚು ಕೊಟ್ಟೆ. ಅವಕಾಶ ಕೇಳೋಕೆ ಬಾಯಿ ಬರಲಿಲ್ಲ.

ಇನ್ನು ನಿಮ್ಮ ಎರಡನೇ ದಾರಿ, ಊರು. ರೈಲಿನಲ್ಲಿ ಫಸ್ಟ್ ಏಸಿ ಕೂಪೆ ಬುಕ್ ಮಾಡಿ ಭೀಮನನ್ನು ತಿಪಟೂರಿನ ಹತ್ತಿರ ನನ್ನ ತಮ್ಮನ ತೆಂಗಿನ ತೋಟಕ್ಕೆ ತಂದೆ. ತೋಟ ಅಂದರೆ ಓಡಾಡಿಕೊಂಡು ಹಾಯಾಗಿರ್ತಾನೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆ ಗಾತ್ರದ ನಾಯಿಯನ್ನು ಕೂಲಿಯವರು ಓಡಾಡುವ ಜಾಗದಲ್ಲಿ ಯಾರು ಬಿಡ್ತಾರೆ? ಹಗಲೆಲ್ಲ ಚೈನು. ಜೊತೆಗೆ ಅವನ ಮೈಗೆ ಹೊಸದಾದ, ರಕ್ತ ಹೀರುವ ಉಣ್ಣೆ ಹುಳುಗಳ ಕಾಟ. “ಎರಡು ದಿನದಿಂದ ಊಟ ಬಿಟ್ಟಿದಾನೆ ಅಣ್ಣ, ಹೊಸ ಜಾಗ ಅಲ್ವಾ, ಸರಿ ಹೋಗ್ತಾನೆ” ಅಂತ ತಮ್ಮ ಫೋನ್ ಮಾಡಿದ. ಅದು ಬೇಸರ ಆಗಿರಲಿಲ್ಲ, ಉಣ್ಣೆ ಜ್ವರ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಕೊಟ್ಟು ವಾಸಿ ಮಾಡುವ ಕಾಯಿಲೆ. ಬಿಟ್ಟರೆ ಪ್ಲೇಟ್‌ಲೆಟ್ ಕುಸಿಯುತ್ತದೆ. ಒಸಡು ಬಿಳಿಚಿಕೊಂಡು ಮೂಗಿನಲ್ಲಿ ರಕ್ತ ಬಂದ ಮೇಲೆ ತಮ್ಮ ತುಮಕೂರಿಗೆ ಕರೆದುಕೊಂಡು ಓಡಿದ. ಭೀಮ ಉಳಿಯಲಿಲ್ಲ. ತಮ್ಮನದು ತಪ್ಪಿಲ್ಲ. ಅವನಿಗೆ ದನಗಳ ಕಾಯಿಲೆ ಗೊತ್ತು, ಈ ನಾಯಿಯನ್ನು ಓದಲು ಬರುತ್ತಿರಲಿಲ್ಲ. ಓದಲು ಬರುತ್ತಿದ್ದವನು ನಾನು, ನಾನು ಅಲ್ಲಿರಲಿಲ್ಲ.

ಈಗ ನಿಮ್ಮ ವಿಷಯ. ನಿಮಗೆ ಸುಳ್ಳು ಬರೆಯುವ ಅಗತ್ಯವೇ ಇಲ್ಲ. ಸಂಘದವರು ತೋರಿಸುತ್ತಿರುವುದು ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಬರೆದ ಪತ್ರ. ಅದನ್ನು ಕರ್ನಾಟಕ ಹೈಕೋರ್ಟ್ ಅದೇ ತಿಂಗಳು ತಡೆಹಿಡಿದು, ಏಪ್ರಿಲ್ 10ರಂದು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ, ಕಾನೂನು ಕೊಟ್ಟ ಅಧಿಕಾರ ಮೀರಿ ಹೊರಡಿಸಿದ್ದು ಅನ್ನೋದು ಕಾರಣ. ಎಲ್ಲರನ್ನೂ ಕೇಳಿ ಕೇಂದ್ರ ಹೊಸದಾಗಿ ನಿಯಮ ತರಬಹುದು, ಅದಕ್ಕೆ ಕೋರ್ಟ್ ಅಡ್ಡಿ ಮಾಡಿಲ್ಲ. ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಟೋಸಾ ಅನ್ನೋ ಜಪಾನಿ ತಳಿ ಎರಡು ಸಲ ಬರುತ್ತದೆ. ‘ಟೆರಿಯರ್‌ಗಳು’ ಅಂತ ಒಂದೇ ಮಾತಿನಲ್ಲಿ ಇಡೀ ಗುಂಪನ್ನೇ ಸೇರಿಸಿದ್ದಾರೆ, ತೊಡೆಯ ಮೇಲೆ ಕೂರುವ ಯಾರ್ಕ್‌ಶೈರ್ ಟೆರಿಯರ್ ಕೂಡ ಅದರಲ್ಲಿ ಬಂತು.

ಸಂಘದ ನೋಟಿಸ್‌ಗೂ ಅಂಥ ಬಲ ಇಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಸ್ಪಷ್ಟವಾಗಿದೆ: ನಿವಾಸಿಗಳ ಸಂಘ ಬಹುಮತದಿಂದ ಠರಾವು ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವ ಹಾಗೂ ಇಲ್ಲ. 2018ರಲ್ಲಿ ಬೆಂಗಳೂರು ಪಾಲಿಕೆಯೇ ಫ್ಲ್ಯಾಟ್‌ಗೆ ಒಂದೇ ನಾಯಿ, ಅದೂ ಒಪ್ಪಿದ ತಳಿಯದ್ದೇ ಅಂತ ನಿಯಮ ತರಲು ಹೋಗಿ, ವಿರೋಧ ಜೋರಾದ ಮೇಲೆ ಕೈಬಿಟ್ಟಿತು.

ಆದರೆ ಇದನ್ನೆಲ್ಲ ಹಿಡಿದುಕೊಂಡು ‘ನನ್ನ ಹಕ್ಕು’ ಅಂತ ಎದೆ ಸೆಟೆಸಿ ನಡೀಬೇಡಿ. ನಾಯಿ ಸಾಕುವ ನಮ್ಮವರು ‘ತಳಿಯಲ್ಲಿ ಏನೂ ಇಲ್ಲ, ಎಲ್ಲ ಬೆಳೆಸೋದರಲ್ಲಿದೆ’ ಅಂತಾರೆ. ಅರ್ಧ ನಿಜ. ಪೊಮೆರೇನಿಯನ್ ಕೋಪ ಬಂದಾಗ ಮಾಡುವ ಗಾಯ ಬೇರೆ, ರಾಟ್‌ವೀಲರ್ ಮಾಡುವುದು ಬೇರೆ. ನಿಮ್ಮ ನಾಯಿಯನ್ನು ನೋಡಿ ಹೆದರುವ ಅಜ್ಜಿ ಮೂರ್ಖರಲ್ಲ. ತಳಿ ನಿಷೇಧ ಕೆಲಸಕ್ಕೆ ಬಾರದು ಅಂತ ನಾನೂ ನಂಬುತ್ತೇನೆ. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತ ಕಡಿಮೆಯಾಗಲಿಲ್ಲ ಅಂತ 2008ರಲ್ಲಿ ವಾಪಸ್ ತಗೊಂಡಿತು. ಬ್ರಿಟನ್ 1991ರಲ್ಲಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತ್ತು. ಆಮೇಲೆ ಎಕ್ಸ್‌ಎಲ್ ಬುಲ್ಲಿ ಅನ್ನೋ ಹೊಸ ಬಗೆ ಬಂತು, 2024ರ ಹೊತ್ತಿಗೆ ಅದನ್ನೂ ಸೇರಿಸಬೇಕಾಯಿತು. ಒಂದು ತಳಿ ತೆಗೆದರೆ ಕಟ್ಟುಮಸ್ತಾದ ಇನ್ನೊಂದನ್ನು ತರುತ್ತಾರೆ. ಹಿಡಿಯಬೇಕಾದ್ದು ನಾಯಿ ಸಾಕುವವರನ್ನು. ಆ ಕಾನೂನು ನಮ್ಮಲ್ಲಿ ಇದೆ: ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ಪ್ರಾಣಿಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹಾಗಾಗಿ ಲೈಸೆನ್ಸ್‌ನಲ್ಲಿ ರಾಟ್‌ವೀಲರ್ ಅಂತಲೇ ಬರೆಸಿ. ಅದರ ಪ್ರತಿ, ಲಸಿಕೆ ಪುಟ, ಹೈಕೋರ್ಟ್ ಆದೇಶ, ಮಾರ್ಗಸೂಚಿ ಎಲ್ಲ ಲಗತ್ತಿಸಿ ಸಂಘಕ್ಕೆ ಒಂದು ಮರ್ಯಾದೆಯ ಪತ್ರ ಕೊಡಿ. ಅದರಲ್ಲೇ ಲಿಫ್ಟ್‌ನಲ್ಲಿ ಬಾಯಿಕುಕ್ಕೆ ಹಾಕುತ್ತೇನೆ ಅಂತ ನೀವಾಗಿಯೇ ಬರೆದುಕೊಡಿ. ಬಾಯಿಕುಕ್ಕೆ ಹಾಕಲೇಬೇಕು ಅಂತ ಸಂಘ ನಿಮ್ಮನ್ನು ಬಲವಂತ ಮಾಡುವ ಹಾಗಿಲ್ಲ, ಆದರೂ ಬರೆದುಕೊಡಿ. ನಾಯಿಯನ್ನು ಹಗಲಲ್ಲೇ, ಜನ ಇರುವಾಗಲೇ ಹೊರಗೆ ಕರೆದುಕೊಂಡು ಹೋಗಿ. ಅದನ್ನು ಎಳೆದು ನಿಲ್ಲಿಸುವ ಶಕ್ತಿ ಇಲ್ಲದವರ ಕೈಗೆ, ಕೆಲಸದ ಹುಡುಗನಾಗಲಿ ಮಗಳಾಗಲಿ, ಹಗ್ಗ ಕೊಡಬೇಡಿ. ಮುಂದೆ ವರ್ಗಾವಣೆ ಬಂದರೆ ಮನೆ ಹುಡುಕುವ ಮುಂಚೆ ಆ ಊರಿನ ನಿಯಮ ಓದಿ. ಚೆನ್ನೈ ಪಾಲಿಕೆ 2025ರ ಡಿಸೆಂಬರ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್‌ಗೆ ಹೊಸ ಲೈಸೆನ್ಸ್ ನಿಲ್ಲಿಸಿತು.

ಬಾಯಿಕುಕ್ಕೆ ತರುವಾಗ ಬುಟ್ಟಿಯಂಥದ್ದನ್ನೇ ತನ್ನಿ. ಬಾಯಿ ಬಿಗಿಯಾಗಿ ಮುಚ್ಚುವ ಬಟ್ಟೆಯದು ಬೇಡ. ನಾಯಿ ಮೈ ತಣ್ಣಗಾಗಿಸಿಕೊಳ್ಳುವುದು ನಾಲಿಗೆ ಚಾಚಿ ಏದುಸಿರು ಬಿಟ್ಟು, ಬೇಸಿಗೆಯಲ್ಲಿ ಅದು ಆಗದಿದ್ದರೆ ಜೀವಕ್ಕೇ ಕುತ್ತು. ಮೊದಲ ದಿನವೇ ಪಟ್ಟಿ ಬಿಗಿಯಬೇಡಿ. ಒಳಗೆ ಸ್ವಲ್ಪ ಗಟ್ಟಿ ಮೊಸರು ಸವರಿ ಹಿಡಿದುಕೊಳ್ಳಿ, ಅವನೇ ಮೂತಿ ಹಾಕಿ ನೆಕ್ಕಲಿ. ತಾನಾಗಿಯೇ ಮೂತಿ ತೂರಿಸುವವರೆಗೆ ಕೆಲವು ವಾರ ಹೀಗೇ ಮಾಡಿ, ಆಮೇಲೆ ಪಟ್ಟಿ ಹಾಕಿ. ಮೂತಿಯ ಉದ್ದ, ಸುತ್ತಳತೆ ಎರಡನ್ನೂ ಟೇಪಿನಲ್ಲಿ ಅಳೆದುಕೊಂಡು ಹೋಗಿ. ಒಳಗೆ ಅವನು ಪೂರ್ತಿ ಬಾಯಿ ತೆರೆಯುವಷ್ಟು ಜಾಗ ಇರಬೇಕು. ಅಳತೆ ಸರಿ ಹೋಗದಿದ್ದರೆ ಬದಲಾಯಿಸಿ ಕೊಡ್ತೀರಾ ಅಂತ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ.